ಮೇಸ್ತ್ರಿ, ಮೇಷ್ಟ್ರು, ಮಿಸ್ಟರ್: ಎಲ್ರೂ ಒಂದೇ ಮನೆಯವರು

ಈ ತಿಂಗಳು ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ಥರದವು. ಈ ಭಾಷೆಯ ಪದನೂ ಆ ಭಾಷೆಯ ಪದನೂ ಕೇಳೋಕೆ ಒಂದೇ ಥರ ಇದೆಯಲ್ಲ, ಎರಡಕ್ಕೂ ಸಂಬಂಧ ಇದೆಯಾ ಅಂತ. ಅದಕ್ಕೇ ಬೇರೆದನ್ನೆಲ್ಲ ಪಕ್ಕಕ್ಕಿಟ್ಟು ಇವನ್ನೇ ತಗೊಂಡಿದೀನಿ. ಹಾಸನ, ಚಿಕ್ಕಮಗಳೂರು ಕಡೆಯಿಂದಾನೇ ಜಾಸ್ತಿ ಬಂದಿವೆ, ಮಳೆ ಹಿಡ್ಕೊಂಡಿದೆ, ಕರೆಂಟ್ ಇಲ್ಲ, ಕೂತು ಯೋಚನೆ ಮಾಡೋಕೆ ಟೈಮ್ ಸಿಕ್ಕಿದೆ ಅಂತ ಕಾಣತ್ತೆ.

ಪ್ರಶ್ನೆ: ನಮ್ಮ ತೋಟದಲ್ಲಿ ಆಳುಗಳನ್ನ ನೋಡ್ಕೊಳ್ಳೋನು ಮೇಸ್ತ್ರಿ, ಮನೆ ಕಟ್ಟೋನೂ ಮೇಸ್ತ್ರಿ, ಮಗಳ ಸ್ಕೂಲಲ್ಲಿ ಪಾಠ ಮಾಡೋರು ಮೇಷ್ಟ್ರು. ಇದೆಲ್ಲ ಇಂಗ್ಲಿಷಿನ ಮಾಸ್ಟರ್ ಕೆಟ್ಟು ಆಗಿದ್ದಾ? (ಕಾಫಿ ಬೆಳೆಗಾರರು, ಮೂಡಿಗೆರೆ)

ಸಂಬಂಧ ಇದೆ ಮಾರಾಯ್ರೇ, ಅದೂ ಹತ್ತಿರದ್ದೇ. ಆದ್ರೆ ಮೇಸ್ತ್ರಿ ಇಂಗ್ಲಿಷಿಂದ ಬಂದೋನಲ್ಲ. ಲ್ಯಾಟಿನ್ನಲ್ಲಿ ಮಗಿಸ್ಟರ್ ಅಂತ ಒಂದು ಪದ, ಮೇಲಿನವನು, ಯಜಮಾನ ಅಂತ ಅರ್ಥ. ಅದು ಪೋರ್ಚುಗೀಸರ ಬಾಯಲ್ಲಿ ಸವೆದು ಸವೆದು ಮೆಸ್ತ್ರೆ ಆಯ್ತು. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆ ಹತ್ರ ಬಂದಿಳಿದನಲ್ಲ, ಆಮೇಲೆ ಈ ಕರಾವಳಿ ಉದ್ದಕ್ಕೂ ಪೋರ್ಚುಗೀಸರ ಕೋಟೆ, ಗೋದಾಮು, ಹಡಗಿನ ಕೆಲಸ ಎಲ್ಲ ಶುರುವಾಯ್ತು, ಕೆಲಸ ಗೊತ್ತಿರೋ ಹಿರಿಯಾಳನ್ನ ಅವರು ಮೆಸ್ತ್ರೆ ಅಂದ್ರು, ನಮ್ಮೋರು ಮೇಸ್ತ್ರಿ ಅಂದ್ರು, ಹಿಂದಿಯೋರು ಮಿಸ್ತ್ರಿ ಅಂದ್ರು. ಅದೇ ಮಗಿಸ್ಟರ್ ಇನ್ನೊಂದು ದಾರಿಯಲ್ಲಿ ಇಂಗ್ಲೆಂಡಿಗೆ ಹೋಗಿ ಮಾಸ್ಟರ್ ಆಯ್ತು. ಮೇಷ್ಟ್ರು ಅನ್ನೋದನ್ನ ನಾವು ಇವರಿಬ್ಬರಲ್ಲಿ ಯಾರ ಕೈಯಿಂದ ಇಸ್ಕೊಂಡ್ರೂ ಮೂಲ ಒಂದೇ, ಕೊನೆಗೆ ಒಂದು ರು ಸೇರಿಸಿ ಮರ್ಯಾದೆ ಕೊಟ್ಟಿದ್ದು ಮಾತ್ರ ನಾವು. ಮಿಸ್ಟರ್ ಅನ್ನೋದು ಮಾಸ್ಟರ್ ಅನ್ನೋದರದ್ದೇ ಸಡಿಲ ಉಚ್ಚಾರಣೆ. ಇಟಲಿಯ ಸಂಗೀತಗಾರರ ಮೇಸ್ಟ್ರೋ ಕೂಡ ಇದೇ ಮನೆಯೋನು. ಇನ್ನೂ ಹಿಂದಕ್ಕೆ ಹೋದ್ರೆ ಮಗಿಸ್ಟರ್‌ನ ಮೊದಲಲ್ಲಿರೋ ಮಗ್ ಅನ್ನೋದೂ ಸಂಸ್ಕೃತದ ಮಹಾ ಅನ್ನೋದೂ ಒಂದೇ ಬೇರಿನವು, ಅಂದ್ರೆ ಮಹಾರಾಜನಿಗೂ ನಿಮ್ಮ ತೋಟದ ಮೇಸ್ತ್ರಿಗೂ ದೂರದ ನೆಂಟಸ್ತನ ಇದೆ. ಅವನಿಗೆ ಹೇಳ್ಬೇಡಿ, ಸಂಬಳ ಜಾಸ್ತಿ ಕೇಳ್ತಾನೆ.

ಇದರಲ್ಲಿ ಇನ್ನೊಂದು ಮಜಾ ಇದೆ. ಮಗಿಸ್ಟರ್ ಅಂದ್ರೆ ಹೆಚ್ಚಿನವನು, ಅದೇ ಅಚ್ಚಲ್ಲಿ ಲ್ಯಾಟಿನ್ನೋರು ಕಮ್ಮಿಯವನು ಅನ್ನೋಕೆ ಇನ್ನೊಂದು ಪದ ಮಾಡ್ಕೊಂಡ್ರು, ಅದು ಮಿನಿಸ್ಟರ್. ಸೇವಕ ಅಂತ ಅರ್ಥ. ಲೆಕ್ಕದಲ್ಲಿ ಕಳೆಯೋಕೆ ಮೈನಸ್ ಅಂತೀವಲ್ಲ, ಅದೇ ಅದರ ಒಳಗಿರೋದು. ಪದದ ಲೆಕ್ಕ ಹಿಡಿದ್ರೆ ಮೇಸ್ತ್ರಿ ಮೇಲೆ, ಮಿನಿಸ್ಟರ್ ಕೆಳಗೆ. ಮಿಸ್ಟರಿ, ಅದೇ ನಿಗೂಢ ಅನ್ನೋ ಅರ್ಥದ್ದು, ಅದು ಗ್ರೀಕಿನದು, ಈ ಮನೆಗೆ ಸೇರಿದ್ದಲ್ಲ. ತೋಟದ ರೈಟರ್ ಬಗ್ಗೆ ನೀವು ಕೇಳಿಲ್ಲ, ಆದ್ರೂ ಹೇಳಿಬಿಡ್ತೀನಿ, ಅದು ಕಂಪನಿ ಕಾಲದ ಇಂಗ್ಲಿಷು. ಈಸ್ಟ್ ಇಂಡಿಯಾ ಕಂಪನಿಯ ಗುಮಾಸ್ತರಿಗೆ ರೈಟರ್ ಅಂತಲೇ ಹುದ್ದೆಯ ಹೆಸರು, ಕೋಲ್ಕತ್ತಾದ ರೈಟರ್ಸ್ ಬಿಲ್ಡಿಂಗ್ ಅವರಿಗೇ ಕಟ್ಟಿದ್ದು. ಇಂಗ್ಲೆಂಡಿನಲ್ಲಿ ಈಗ ರೈಟರ್ ಅಂದ್ರೆ ಸಾಹಿತಿ, ನಮ್ಮ ಎಸ್ಟೇಟಲ್ಲಿ ಮಾತ್ರ ಇವತ್ತಿಗೂ ಚೆಕ್‌ರೋಲ್, ಅಂದ್ರೆ ಆಳುಗಳ ಹಾಜರಿ ಪುಸ್ತಕ, ಬರೆಯೋನು.

ಪ್ರಶ್ನೆ: ಹಿಂದಿಯಲ್ಲಿ ಕಾಫೀ ಅಂದ್ರೆ ಸಾಕಷ್ಟು, ಸಂಗೀತದಲ್ಲಿ ಕಾಪಿ ಅಂತ ರಾಗ, ಪರೀಕ್ಷೇಲಿ ಹೊಡೆಯೋದು ಕಾಪಿ, ನಮ್ಮಜ್ಜಿ ಕುಡಿಯೋದೂ ಕಾಪಿನೇ. ಇವಕ್ಕೆಲ್ಲ ಏನಾದ್ರೂ ಲಿಂಕ್ ಇದೆಯಾ ಸಾರ್? (ಪಿಯುಸಿ ವಿದ್ಯಾರ್ಥಿ, ಚಿಕ್ಕಮಗಳೂರು)

ಒಂದಕ್ಕೂ ಇನ್ನೊಂದಕ್ಕೂ ಇಲ್ಲ ಕಣಪ್ಪ. ಕುಡಿಯೋ ಕಾಫಿ ಅರಬ್ಬಿಯ ಕಹ್ವಾ. ಆ ಪದ ತುರ್ಕಿಗೆ ಹೋದಾಗ ಕಹ್ವೆ, ಅದರಲ್ಲಿ ವ ಇತ್ತು, ಯುರೋಪಿಗೆ ದಾಟುವಾಗ ಆ ವ ಹೋಗಿ ಫ ಆಯ್ತು, ಇಟಲಿಯಲ್ಲಿ ಕಫೆ, ಡಚ್ಚರಲ್ಲಿ ಕೊಫಿ, ಇಂಗ್ಲಿಷಲ್ಲಿ ಕಾಫಿ. ಇಲ್ಲೇ ನಿಂತು ಸ್ವಲ್ಪ ಯೋಚನೆ ಮಾಡು. ಬಾಬಾಬುಡನ್ ಯೆಮೆನ್ನಿನ ಮೋಕಾ ಬಂದರಿನಿಂದ ಏಳು ಬೀಜ ಕದ್ದು ತಂದು ನಮ್ಮ ಗಿರಿಯಲ್ಲಿ ಹಾಕಿದ್ರು ಅಂತ ಐತಿಹ್ಯ ಇದೆಯಲ್ಲ, 17ನೇ ಶತಮಾನದ ಕಥೆ, ಆ ಲೆಕ್ಕದಲ್ಲಿ ಗಿಡ ಅರಬ್ಬರ ನಾಡಿಂದ ಸೀದಾ ಚಿಕ್ಕಮಗಳೂರಿಗೇ ಬಂತು. ಹೆಸರು ಮಾತ್ರ ಹಂಗೆ ಬರಲಿಲ್ಲ, ತುರ್ಕಿ ಸುತ್ತಿ ಯುರೋಪ್ ಸುತ್ತಿ ಇಂಗ್ಲಿಷರ ಕೈಯಲ್ಲಿ ವಾಪಸ್ ಬಂತು. ಬೀಜ ಹೆಸರನ್ನ ಜೊತೆಗೆ ಕರ್ಕೊಂಡು ಬಂದಿದ್ರೆ ಇವತ್ತು ನಿಮ್ಮಜ್ಜಿ ಕಹ್ವಾ ಕುಡೀತಿದ್ರು. ಮೋಕಾ ಅನ್ನೋ ಊರಿನ ಹೆಸರಂತೂ ಈಗ ದೊಡ್ಡ ಕಾಫಿ ಶಾಪಿನ ಮೆನು ಕಾರ್ಡಲ್ಲಿ ಚಾಕೊಲೇಟ್ ಹಾಕಿದ ಕಾಫಿಯಾಗಿ ಕೂತಿದೆ.

ಹಿಂದಿಯ ಕಾಫೀ ಕೂಡ ಅರಬ್ಬಿಯದೇ, ಅದಕ್ಕೇ ಜನಕ್ಕೆ ಡೌಟು ಬರೋದು, ಆದ್ರೆ ಧಾತು ಬೇರೆ, ಸಾಕಾಗು ಅನ್ನೋ ಅರ್ಥದ್ದು. ಅರಬ್ಬಿ ಲಿಪಿಯಲ್ಲಿ ಎರಡರ ಮೊದಲ ಅಕ್ಷರವೇ ಬೇರೆ, ಕಹ್ವಾದ ಕ ಗಂಟಲಿನ ಆಳದಿಂದ ಬರೋದು, ಕಾಫೀಯ ಕ ನಮ್ಮ ಕ. ಕನ್ನಡದಲ್ಲಿ ಬರೆಯೋವಾಗ ಎರಡಕ್ಕೂ ಒಂದೇ ಕ ಇರೋದ್ರಿಂದ ಗುಟ್ಟು ಮುಚ್ಚಿಹೋಗತ್ತೆ. ಪರೀಕ್ಷೆಯ ಕಾಪಿ ಲ್ಯಾಟಿನ್ನಿನ ಕೋಪಿಯಾ, ಸಮೃದ್ಧಿ ಅಂತ ಅರ್ಥ, ಒಂದನ್ನ ನೋಡಿ ಇನ್ನೊಂದು ಬರೆದು ಜಾಸ್ತಿ ಮಾಡೋದು ಅಂತಾಗಿ ಇಲ್ಲಿಗೆ ಬಂದು ನಿಂತಿದೆ. ರಾಗ ಕಾಪಿಗೂ ಲೋಟದ ಕಾಫಿಗೂ ನಂಟಿಲ್ಲ, ಕಚೇರಿ ಮುಗಿದ ಮೇಲೆ ಕ್ಯಾಂಟೀನಲ್ಲಿ ಎರಡೂ ಸಿಗತ್ತೆ ಅನ್ನೋದು ಬಿಟ್ರೆ.

ಪ್ರಶ್ನೆ: ಟೀ ಸರಿಯೋ ಚಹಾ ಸರಿಯೋ? (ಗೃಹಿಣಿ, ಕಡೂರು)

ಎರಡೂ ಸರಿ, ಎರಡೂ ಚೀನಾದ್ದೇ. ತೆ ಅನ್ನೋದು ಫುಜಿಯಾನ್ ಕರಾವಳಿಯ ಮಾತು, ಅಲ್ಲಿಂದ ಡಚ್ ಹಡಗಲ್ಲಿ ಹೋಗಿ ಇಂಗ್ಲಿಷಿನ ಟೀ ಆಯ್ತು. ಚಾ ಅನ್ನೋದು ಚೀನಾದ ಹೆಚ್ಚು ಕಡೆ ಆಡೋ ಮಾತು, ನೆಲದ ದಾರೀಲಿ ಪರ್ಷಿಯಾಕ್ಕೆ, ಮಕಾವ್ ಮೂಲಕ ಪೋರ್ಚುಗೀಸರಿಗೆ ಹೋಯ್ತು. ಹಾಸನದಲ್ಲಿ ಟೀ ಕೇಳಿ, ಹುಬ್ಬಳ್ಳೀಲಿ ಚಹಾ ಕೇಳಿ, ಬರೋ ಲೋಟ ಒಂದೇ.

ಪ್ರಶ್ನೆ: ಚಳಿ ಮತ್ತು ಇಂಗ್ಲಿಷಿನ ಚಿಲ್, ಇವೆರಡೂ ಒಂದೇ ಮೂಲ ಅಂತ ನಮ್ಮ ಸ್ನೇಹಿತರೊಬ್ಬರ ವಾದ. ಕಲ್ಲಿಗೂ ಲ್ಯಾಟಿನ್ನಿನ ಕ್ಯಾಲ್ಕುಲಸ್‌ಗೂ, ಎಂಟಕ್ಕೂ ಏಯ್ಟಿಗೂ, ಬಟ್ಟಲಿಗೂ ಬಾಟಲಿಗೂ ಸಂಬಂಧ ಇದೆ, ಕನ್ನಡವೇ ಇಂಗ್ಲಿಷಿನ ತಾಯಿ ಅಂತಾರೆ. ನಿಮ್ಮ ಅಭಿಪ್ರಾಯ? (ನಿವೃತ್ತ ಬ್ಯಾಂಕ್ ನೌಕರರು, ಕೊಪ್ಪ)

ನಿಮ್ಮ ಸ್ನೇಹಿತರ ಕನ್ನಡ ಪ್ರೀತಿ ದೊಡ್ಡದು, ಆದ್ರೆ ಮುಖ ನೋಡಿ ನೆಂಟಸ್ತನ ಕಟ್ಟೋಕೆ ಬರಲ್ಲ. ಚಳಿ ದ್ರಾವಿಡ ಪದ, ತಮಿಳಲ್ಲಿ ಸಳಿ ಅಂದ್ರೆ ನೆಗಡಿ, ಕಫ. ಇಂಗ್ಲಿಷಿನ ಚಿಲ್ ಅನ್ನೋದು ಕೋಲ್ಡ್ ಅನ್ನೋದರ ದಾಯಾದಿ. ಅದರ ಚ ಮೊದಲು ಕ ಆಗಿತ್ತು, ಹಳೇ ಇಂಗ್ಲಿಷಲ್ಲಿ ಇ, ಎ ಮುಂದೆ ಬಂದ ಕಕಾರ ಚಕಾರ ಆಗೋ ಅಭ್ಯಾಸ ಶುರುವಾಯ್ತು, ಅದಕ್ಕೇ ಇಂಗ್ಲೆಂಡಿನ ಚರ್ಚ್ ಸ್ಕಾಟ್ಲೆಂಡಿನೋರ ಬಾಯಲ್ಲಿ ಇನ್ನೂ ಕಿರ್ಕ್. ಲ್ಯಾಟಿನ್ನಲ್ಲಿ ಇದೇ ಪದ ಗ ಇಂದ ಶುರುವಾಗತ್ತೆ, ಗೆಲು, ಅಂದ್ರೆ ಹಿಮ, ಕೊರೆತ. ಮಕ್ಕಳು ತಿನ್ನೋ ಜೆಲ್ಲಿ ಅಲ್ಲಿಂದ ಬಂದಿದ್ದು. ಹಂಗಾಗಿ ಹಿಂದೆ ಹಿಂದೆ ಹೋದಂಗೆಲ್ಲ ಚಿಲ್ ಚಳಿಯಿಂದ ದೂರ ದೂರ ಹೋಗತ್ತೆ. ನಿಜವಾದ ನೆಂಟರಾದ್ರೆ ಹಿಂದೆ ಹೋದಂಗೆಲ್ಲ ಹತ್ತಿರ ಬರಬೇಕು.

ಕಲ್ಲು, ಕ್ಯಾಲ್ಕುಲಸ್ ಜೋಡಿ ನಂಗೂ ಇಷ್ಟ, ಯಾಕಂದ್ರೆ ಇಲ್ಲಿ ಅರ್ಥಾನೂ ಹೊಂದತ್ತೆ. ಕ್ಯಾಲ್ಕುಲಸ್ ಅಂದ್ರೆ ಲ್ಯಾಟಿನ್ನಲ್ಲಿ ಸಣ್ಣ ಕಲ್ಲು, ಹರಳು. ಕಿಡ್ನಿಯಲ್ಲಿ ಕಲ್ಲಿದ್ರೆ ಸ್ಕ್ಯಾನಿಂಗ್ ರಿಪೋರ್ಟಲ್ಲಿ ಕ್ಯಾಲ್ಕುಲಸ್ ಅಂತಲೇ ಬರೀತಾರೆ. ರೋಮಿನೋರು ಹರಳು ಜೋಡಿಸಿ ಲೆಕ್ಕ ಮಾಡ್ತಿದ್ರು, ಅದಕ್ಕೇ ಕ್ಯಾಲ್ಕುಲೇಟರ್, ಗಣಿತದ ಕ್ಯಾಲ್ಕುಲಸ್ ಎಲ್ಲ. ಇಷ್ಟಾದ್ರೂ ಅದು ಸುಣ್ಣಕಲ್ಲಿಗೆ ಲ್ಯಾಟಿನ್ನೋರು ಹೇಳ್ತಿದ್ದ ಕ್ಯಾಲ್ಕ್ಸ್ ಅನ್ನೋ ಪದದಿಂದ ಬಂದಿದ್ದು, ಕ್ಯಾಲ್ಸಿಯಂ ಕೂಡ ಅದರಿಂದಲೇ. ನಮ್ಮ ಕಲ್ಲು ತಮಿಳು, ಮಲಯಾಳ, ತುಳು ಎಲ್ಲದರಲ್ಲೂ ಇರೋ ಅಚ್ಚ ದ್ರಾವಿಡ. ಎರಡೂ ಸೇರಿದ್ದು ಆಕಸ್ಮಿಕ, ಅಷ್ಟೇ.

ಎಂಟು ಕೂಡ ಹಂಗೇ. ತಮಿಳಿನ ಎಟ್ಟು, ಹಿಂದಿಯ ಆಠ್, ಇಂಗ್ಲಿಷಿನ ಏಯ್ಟ್ ಸಾಲಾಗಿ ಬರೆದ್ರೆ ಅಣ್ಣತಮ್ಮಂದಿರ ಥರಾನೇ ಕಾಣ್ತವೆ. ಆದ್ರೆ ಹಿಂದಿ ಆಠ್ ಬಂದಿದ್ದು ಅಷ್ಟದಿಂದ, ಇಂಗ್ಲಿಷಿನ ಏಯ್ಟ್ ಅದರ ಕಸಿನ್, ಜರ್ಮನ್ನಿನ ಆಖ್ಟ್, ಲ್ಯಾಟಿನ್ನಿನ ಆಕ್ಟೋ ಎಲ್ಲ ಆ ಕಡೆಯೋವು. ನಮ್ಮ ಎಂಟಿನ ಬುಡ ಎಣ್, ಎಂಬತ್ತು ಅನ್ನೋದರಲ್ಲಿ ಅದು ಇನ್ನೂ ಉಳ್ಕೊಂಡಿದೆ ನೋಡಿ, ಅದರಲ್ಲಿ ಟ ಎಲ್ಲಿದೆ? ಬಾಟಲಿಯ ಮೂಲ ಲ್ಯಾಟಿನ್ನಲ್ಲಿ ಸಣ್ಣ ಪೀಪಾಯಿ ಅನ್ನೋ ಅರ್ಥದ ಪದ, ಬಟ್ಟಲಿನ ಪಾಡಿಗೆ ಬಟ್ಟಲು.

ನಿಮ್ಮ ಸ್ನೇಹಿತರಿಗೆ ಒಂದು ಪ್ರಶ್ನೆ ಹಾಕಿ. ಚಕ್ರ ಮತ್ತು ಇಂಗ್ಲಿಷಿನ ವೀಲ್, ಇವೆರಡು ಒಂದೇ ಥರ ಕೇಳತ್ತಾ? ಒಂದಕ್ಷರಾನೂ ಸೇರಲ್ಲ. ಆದ್ರೆ ಅವೆರಡೂ ಖಚಿತವಾಗಿ ಒಂದೇ ಮೂಲದವು, ಗ್ರೀಕರ ಕುಕ್ಲೋಸ್ ಮೂರನೆಯದು, ಅದೇ ನಮ್ಮ ಸೈಕಲ್ಲಿನ ಸೈಕಲ್. ಅಂದ್ರೆ ಸೈಕಲ್ ಚಕ್ರ ಅಂದಾಗ ಒಂದೇ ಪದನ ಎರಡು ಸಲ ಹೇಳ್ತಿದೀವಿ. ಆಜಾನುಬಾಹು ಅಂತೀವಲ್ಲ, ಅದರ ಜಾನು, ಅಂದ್ರೆ ಮೊಣಕಾಲು, ಇಂಗ್ಲಿಷಿನ ನೀ ಅನ್ನೋದೇ, ಕೆ ಅಕ್ಷರ ಬರೆದು ಓದದೇ ಬಿಡ್ತಾರಲ್ಲ ಆ ನೀ. ಕಂಪನಿ ಕಾಲದ ಜಡ್ಜ್ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಬುಡದವು ಅಂದಿದ್ದು ಒಂದೆರಡು ಪದ ಹೋಲತ್ತೆ ಅಂತಲ್ಲ, ಕ್ರಿಯಾಪದದ ಬೇರುಗಳು, ವ್ಯಾಕರಣದ ರೂಪಗಳು ಎಲ್ಲ ಕೂಡಿ ಹೊಂದತ್ತೆ ಅಂತ.

ಪ್ರಶ್ನೆ: ಅರಸೀಕೆರೆಯೋರು ನಾವು. ಮಗಳನ್ನ ಅನಂತಪುರದ ಕಡೆ ಕೊಟ್ಟಿದೀವಿ, ಅಲ್ಲಿ ಕೆರೆಗೆ ಚೆರುವು ಅಂತಾರೆ. ಚರಂಡಿ ಅಂದಂಗೆ ಕೇಳತ್ತೆ. ಹಾಲಿಗೆ ಪಾಲು ಅಂತಾರೆ, ಬೀಗಿತ್ತಿ ಪಾಲು ಕೊಡ್ತೀನಿ ಅಂದಾಗ ಆಸ್ತಿ ವಿಷಯ ಅನ್ಕೊಂಡೆ. (ಅರಸೀಕೆರೆ)

ಅಯ್ಯೋ, ಪಾಲು ಬೇಡ ಅಂದುಬಿಟ್ಟಿಲ್ಲ ತಾನೇ? ಇದು ಮೇಲಿನ ಪ್ರಶ್ನೆಗೆ ಉಲ್ಟಾ ಕೇಸು, ಕೇಳೋಕೆ ಬೇರೆ, ಒಳಗೆ ಒಂದೇ. ಕೆರೆ ಮತ್ತು ಚೆರುವು ಒಂದೇ ಪದ. ಇ, ಎ ಸ್ವರದ ಮುಂದೆ ಬರೋ ಕಕಾರ ತೆಲುಗಲ್ಲೂ ತಮಿಳಲ್ಲೂ ಚಕಾರ ಆಗಿದೆ, ಕನ್ನಡ ಮಾತ್ರ ಹಠ ಹಿಡಿದು ಕ ಉಳಿಸ್ಕೊಂಡಿದೆ. ಕಿವಿಗೆ ತೆಲುಗಲ್ಲಿ ಚೆವಿ, ಕಾಲಿಗೆ ಹಾಕೋ ಕೆರಕ್ಕೆ ತಮಿಳಲ್ಲಿ ಚೆರುಪ್ಪು, ತೆಲುಗಲ್ಲಿ ಚೆಪ್ಪು. ನಮ್ಮ ಕಡೆ ಹೊಲ ಗೇಯೋದು, ಗೇಯ್ದು ತಿನ್ನೋದು ಅಂತೀವಲ್ಲ, ಆ ಗೇ ತಮಿಳಿನ ಸೆಯ್, ತೆಲುಗಿನ ಚೇಯು, ಬರೀ ಮಾಡು ಅಂತ ಅರ್ಥ. ತಮಿಳು ತೆಲುಗಿನೋರಿಗೆ ಯಾವ ಕೆಲಸಕ್ಕೂ ಅದು ಸಲ್ಲತ್ತೆ, ನಮ್ಮ ಹಳ್ಳಿಯೋರಿಗೆ ಕೆಲಸ ಅಂದ್ರೆ ಹೊಲದ್ದು.

ಹಾಲಿನ ಕಥೆಯಲ್ಲಿ ಬದಲಾಗಿರೋದು ನಾವು. ಹಳಗನ್ನಡದಲ್ಲೂ ಅದು ಪಾಲ್, ಹುಲಿ ಪುಲಿ, ಹಣ ಪಣ. ಆಮೇಲೆ ನಮ್ಮೋರು ಪದದ ಮೊದಲಿನ ಪ ಎಲ್ಲ ಹ ಮಾಡ್ಕೊಂಡು ಬಂದ್ರು, ತಮಿಳು ತೆಲುಗಿನೋರು ಈ ಸಹವಾಸಕ್ಕೆ ಬರಲಿಲ್ಲ. ಹಂಚ್ಕೊಳ್ಳೋ ಪಾಲು ಹಂಗೇ ಉಳೀತು, ಹಾಲು ಬದಲಾಯ್ತು, ನಿಮಗೆ ಅನಂತಪುರದಲ್ಲಿ ಗೊಂದಲ ಆಯ್ತು. ಹಿಂಗೆ ಒಂದಲ್ಲ ಎರಡಲ್ಲ, ಸಾಲು ಸಾಲು ಪದ ಒಂದೇ ನಿಯಮಕ್ಕೆ ಬಗ್ಗಿದ್ರೆ ಆಗ ನೆಂಟಸ್ತನ ಖಾತ್ರಿ. ಮದರಾಸಿನ ಕಲೆಕ್ಟರ್ ಆಗಿದ್ದ ಎಲ್ಲಿಸ್ 1816ರಲ್ಲೇ ದಕ್ಷಿಣದ ಭಾಷೆಗಳು ಸಂಸ್ಕೃತದಿಂದ ಹುಟ್ಟಿದ್ದಲ್ಲ, ಇವುಗಳದ್ದೇ ಬೇರೆ ಮನೆತನ ಅಂತ ತೋರಿಸಿದ್ದ. 1856ರಲ್ಲಿ ಕಾಲ್ಡ್‌ವೆಲ್ ಪಾದ್ರಿ ಅದನ್ನ ದೊಡ್ಡ ವ್ಯಾಕರಣ ಗ್ರಂಥವಾಗಿಯೇ ಬರೆದ.

ಪ್ರಶ್ನೆ: ಕೊಬ್ಬರಿಗೆ ಇಂಗ್ಲಿಷಲ್ಲಿ ಕಾಪ್ರಾ. ಇದೂ ಆಕಸ್ಮಿಕಾನಾ? (ತೆಂಗು ಬೆಳೆಗಾರರು, ಚನ್ನರಾಯಪಟ್ಟಣ)

ಅಲ್ಲ, ಇದು ಅಸಲಿ. ಕೊಬ್ಬರಿಗೆ ಮಲಯಾಳದಲ್ಲಿ ಕೊಪ್ಪರ, ಪೋರ್ಚುಗೀಸರು ಮಲಬಾರಲ್ಲಿ ಅದನ್ನ ಎತ್ಕೊಂಡ್ರು, ಅವರಿಂದ ಇಂಗ್ಲಿಷರು. ಅಡಿಕೆಯದ್ದೂ ಇದೇ ಕಥೆ. ಮಲಯಾಳದ ಅಡಯ್ಕ, ನಮ್ಮ ಅಡಿಕೆ, ಪೋರ್ಚುಗೀಸರ ನಾಲಿಗೆಗೆ ಡ ಹತ್ತಲಿಲ್ಲ, ರ ಮಾಡಿ ಅರೆಕಾ ಅಂದ್ರು. 1753ರಲ್ಲಿ ಲಿನೇಯಸ್ ಗಿಡಗಳಿಗೆ ಲ್ಯಾಟಿನ್ ಹೆಸರಿಡ್ತಾ ಅಡಿಕೆ ಮರಕ್ಕೆ ಅರೆಕಾ ಕಟೆಚು ಅಂತ ಇಟ್ಟ. ಆ ಕಟೆಚು ಯಾವುದು ಅಂದ್ರಾ, ಎಲೆ ಅಡಿಕೆ ಜೊತೆ ಹಾಕ್ಕೊಳ್ಳೋ ನಮ್ಮ ಕಾಚಿನ ಸಂಬಂಧಿ. ಲ್ಯಾಟಿನ್ ಅನ್ಕೊಂಡು ಬಾಟನಿ ಮಕ್ಕಳು ಉರು ಹೊಡೆಯೋದು ಅಡಿಕೆ ಕಾಚು! ಮಾವಿನಕಾಯಿಗೆ ಮ್ಯಾಂಗೋ, ತೇಗಕ್ಕೆ ಟೀಕ್, ಹಲಸಿಗೆ ಮಲಯಾಳದ ಚಕ್ಕದಿಂದ ಜಾಕ್, ಎಲ್ಲ ಅದೇ ಹಡಗು ಹತ್ತಿ ಹೋಗಿರೋದು. ಕನ್ನಡದೋರ ಪಾಲಿಗೆ ಬೇಜಾರು ಏನಂದ್ರೆ ಬಂದರು ಮಲಬಾರಿನಲ್ಲಿದ್ದಿದ್ದಕ್ಕೆ ಕ್ರೆಡಿಟ್ ಮಲಯಾಳಕ್ಕೆ ಹೋಯ್ತು.

ಪ್ರಶ್ನೆ: ಶುಂಠಿ ರೇಟ್ ಬಿದ್ದೋಗಿದೆ, ಕೆಲಸ ಇಲ್ಲ, ಅದಕ್ಕೇ ಕೇಳ್ತಿದೀನಿ, ಜಿಂಜರ್ ಅನ್ನೋ ಹೆಸರು ಎಲ್ಲಿಂದ ಬಂತು? (ಶುಂಠಿ ಬೆಳೆಗಾರರು, ಆಲೂರು)

ರೇಟಿಗೆ ನನ್ನ ಹತ್ರ ಮದ್ದಿಲ್ಲ, ಹೆಸರಿಗೆ ಉತ್ತರ ಇದೆ. ಹಸಿಶುಂಠಿಗೆ ತಮಿಳು ಮಲಯಾಳದಲ್ಲಿ ಇಂಜಿ. ಅದಕ್ಕೆ ವೇರ್ ಸೇರಿಸಿ, ವೇರ್ ಅಂದ್ರೆ ನಮ್ಮ ಬೇರು, ವ ಕನ್ನಡದಲ್ಲಿ ಬ ಆಗೋದು ಗೊತ್ತಲ್ಲ, ತಮಿಳರ ವಾ ನಮ್ಮ ಬಾ. ಇಂಜಿವೇರ್. ಪಾಳಿ ಭಾಷೇಲಿ ಇದು ಸಿಂಗಿವೇರ ಆಯ್ತು. ಸಂಸ್ಕೃತದೋರು ಇದನ್ನ ಶೃಂಗವೇರ ಅಂತ ಮಾಡ್ಕೊಂಡು, ಕೊಂಬಿನ ಥರ ಇದೆಯಲ್ಲ ಅದಕ್ಕೇ ಶೃಂಗ ಅಂತ ಅರ್ಥಾನೂ ಹೊಂದಿಸಿಬಿಟ್ರು. ತುಂಬಾ ಚೆನ್ನಾಗಿ ಹೊಂದತ್ತೆ, ಹಿಂಗೆ ತುಂಬಾ ಚೆನ್ನಾಗಿ ಹೊಂದೋ ಅರ್ಥದ ಮೇಲೇ ಜಾಸ್ತಿ ಅನುಮಾನ ಇಟ್ಕೋಬೇಕು. ಗ್ರೀಕರು ಜಿಂಗಿಬೆರಿಸ್ ಅಂದ್ರು, ಅದರ ಕೊನೆಯ ಬೆರಿಸ್ ಅಲ್ಲೇ ನಮ್ಮ ಬೇರು ಇರೋದು. ಅಲ್ಲಿಂದ ಲ್ಯಾಟಿನ್, ಫ್ರೆಂಚ್ ದಾಟಿ ಜಿಂಜರ್. ನಾವು ಕನ್ನಡದಲ್ಲಿ ಒಣಶುಂಠಿಯ ಸಂಸ್ಕೃತ ಹೆಸರನ್ನೇ ಹಸಿಗೂ ಇಟ್ಕೊಂಡು ಕೂತಿದೀವಿ, ಉತ್ತರ ಕರ್ನಾಟಕದೋರು ಹಸಿಶುಂಠಿಗೆ ಇನ್ನೂ ‘ಅಲ್ಲ’ ಅಂತಲೇ ಹೆಸರು ಹೇಳ್ತಾರೆ.

ಜೊತೆಗೇ ಪೆಪ್ಪರ್ ವಿಷಯಾನೂ ಹೇಳ್ತೀನಿ, ಸಿಲ್ವರ್ ಓಕ್ ಮರಕ್ಕೆ ಬಳ್ಳಿ ಹಬ್ಬಿಸಿರೋರು ಅಲ್ಲೆಲ್ಲ ಇದ್ದೀರಲ್ಲ. ಪೆಪ್ಪರ್ ಪದಕ್ಕೆ ಕನ್ನಡದ ನೆಂಟ ಮೆಣಸು ಅಲ್ಲ, ಹಿಪ್ಪಲಿ. ಸಂಸ್ಕೃತದ ಪಿಪ್ಪಲಿ ಗ್ರೀಕಿಗೆ ಹೋಗಿ ಪೆಪೆರಿ, ಲ್ಯಾಟಿನ್ನಲ್ಲಿ ಪಿಪರ್, ಕನ್ನಡಕ್ಕೆ ಬಂದು ನಮ್ಮ ಹಳೇ ಚಾಳಿಯಂತೆ ಪ ಹ ಆಗಿ ಹಿಪ್ಪಲಿ. ಸರಕು ಒಂದರ ಹೆಸರು ಇನ್ನೊಂದಕ್ಕೆ ಅಂಟ್ಕೊಂಡಿದೆ. ಆಮೇಲೆ ಅಮೆರಿಕ ಖಂಡದಿಂದ ಹೊಸ ಖಾರ ಬಂದಾಗ ಇಂಗ್ಲಿಷರು ಅದಕ್ಕೂ ಪೆಪ್ಪರ್ ಅಂದ್ರು, ನಾವೂ ಮೆಣಸಿನಕಾಯಿ ಅಂದ್ವಿ, ಇಬ್ಬರೂ ಹಳೇ ಖಾರದ ಹೆಸರನ್ನೇ ಹೊಸದಕ್ಕೆ ಕೊಟ್ವಿ. ಚಿಲ್ಲಿ ಅನ್ನೋದು ಮೆಕ್ಸಿಕೋದ ನಹುವಾತ್ಲ್ ಭಾಷೆಯದು, ಚಿಲಿ ದೇಶಕ್ಕೂ ಅದಕ್ಕೂ ಏನೂ ಇಲ್ಲ.

ಪ್ರಶ್ನೆ: ನಮ್ಮ ಮನೇಲಿ ಎಲ್ಲರೂ ಕೊರಿಯನ್ ಸೀರಿಯಲ್ ನೋಡ್ತೀವಿ. ಅಲ್ಲಿ ಅಪ್ಪಂಗೆ ಅಪ್ಪಾ, ಅಮ್ಮಂಗೆ ಒಮ್ಮಾ. ಬಾ ಅನ್ನೋಕೆ ವಾ. ಕೊರಿಯಾದೋರು ನಮ್ಮೋರೇನಾ? (ಬಿಕಾಂ ವಿದ್ಯಾರ್ಥಿನಿ, ಹಾಸನ)

ಈ ಪ್ರಶ್ನೆ ಪ್ರತಿ ತಿಂಗಳೂ ಯಾರಾದ್ರೊಬ್ರು ಕೇಳೇ ಕೇಳ್ತಾರೆ. ಹೊಸದೇನಲ್ಲ, ಕೊರಿಯಾದ ಸೋಲ್ ನಗರದಲ್ಲಿದ್ದ ಹಲ್ಬರ್ಟ್ ಅನ್ನೋ ಅಮೆರಿಕನ್ ಮಿಷನರಿ 1905ರಲ್ಲೇ ಕೊರಿಯನ್ ಭಾಷೆಗೂ ದ್ರಾವಿಡ ಭಾಷೆಗೂ ಹೋಲಿಸಿ ಒಂದು ವ್ಯಾಕರಣಾನೇ ಬರೆದ. ಭಾಷಾತಜ್ಞರು ಒಪ್ಪಲಿಲ್ಲ, ಯಾಕಂದ್ರೆ ಮೇಲೆ ಹೇಳಿದ ಕೆರೆ ಚೆರುವು ಥರದ ನಿಯಮದ ಸಾಲು ಅಲ್ಲಿ ಸಿಗಲ್ಲ, ಬಿಡಿ ಬಿಡಿ ಪದ ಸಿಗತ್ತೆ ಅಷ್ಟೇ.

ಅಪ್ಪ ಅಮ್ಮ ಅಂತೂ ಈ ಲೆಕ್ಕಕ್ಕೆ ಬರೋದೇ ಇಲ್ಲ. ರೋಮನ್ ಯಾಕಬ್ಸನ್ ಅನ್ನೋ ಭಾಷಾವಿಜ್ಞಾನಿ ಇದನ್ನ ಚೆನ್ನಾಗಿ ವಿವರಿಸಿದಾರೆ. ಹಸುಗೂಸಿಗೆ ಮೊದಲು ಆಡೋಕೆ ಬರೋದು ತುಟಿಯ ಸದ್ದು, ಮ, ಪ, ಬ, ಜೊತೆಗೆ ಬಾಯಿ ಬಿಟ್ರೆ ಆ. ಹಾಲು ಕುಡೀತಾ ಮೂಗಲ್ಲಿ ಬರೋದು ಮ್ ಮ್. ಮಗು ಸುಮ್ನೆ ಏನೋ ಅಂತಿರತ್ತೆ, ಹತ್ರ ಇರೋ ದೊಡ್ಡೋರು ನನ್ನೇ ಕರೀತು ಅಂತ ಓಡಿ ಬರ್ತಾರೆ. ಹಂಗಾಗಿ ಪ್ರಪಂಚದಲ್ಲಿ ಎಲ್ಲಿ ಹೋದ್ರೂ ಅಮ್ಮ, ಮಾಮಾ, ಅಪ್ಪ, ಪಾಪಾ, ಬಾಬಾ. ಯಾರಿಗೆ ಯಾವುದು ಅನ್ನೋದು ಮಾತ್ರ ಊರೂರಿಗೆ ಬೇರೆ. ಜಾರ್ಜಿಯಾ ದೇಶದಲ್ಲಿ ಮಾಮಾ ಅಂದ್ರೆ ಅಪ್ಪ, ದೇದಾ ಅಂದ್ರೆ ಅಮ್ಮ. ಅಷ್ಟು ದೂರ ಯಾಕೆ, ಚಾರ್ಮಾಡಿ ಘಾಟಿ ಇಳಿದು ನೋಡು, ತುಳುವಲ್ಲಿ ಅಪ್ಪೆ ಅಂದ್ರೆ ತಾಯಿ, ಅಮ್ಮೆ ಅಂದ್ರೆ ತಂದೆ! ಕೊರಿಯಾದ ಅಪ್ಪ ನಮಗೆ ಹೊಂದ್ತಾನೆ, ಘಾಟಿ ಕೆಳಗಿನ ಅಪ್ಪೆ ಹೊಂದಲ್ಲ. ಆದ್ರೆ ತುಳು ಕನ್ನಡದ ಖಾಸಾ ಒಡಹುಟ್ಟು, ಕೊರಿಯನ್ ಅಲ್ಲ.

ಬರೀ ಆಕಸ್ಮಿಕಕ್ಕೆ ನಂಗೆ ಗೊತ್ತಿರೋದರಲ್ಲೆಲ್ಲ ಚೆಂದದ ಉದಾಹರಣೆ ಆಸ್ಟ್ರೇಲಿಯಾದ್ದು. ಅಲ್ಲಿ ಕ್ವೀನ್ಸ್‌ಲ್ಯಾಂಡಿನ ಉತ್ತರ ಭಾಗದಲ್ಲಿ ಎಂಬಬರಮ್ ಅಂತ ಮೂಲನಿವಾಸಿಗಳ ಭಾಷೆ ಇತ್ತು. ಡಿಕ್ಸನ್ ಅನ್ನೋ ವಿದ್ವಾಂಸರು ಆ ಭಾಷೆ ಬಲ್ಲ ಕೊನೆಯೋರ ಹತ್ರ ಕೂತು ಪದ ಬರ್ಕೊಳ್ತಾ ನಾಯಿಗೆ ಏನಂತೀರಿ ಅಂತ ಕೇಳಿದ್ರೆ ಬಂದ ಉತ್ತರ ಡಾಗ್. ಇಂಗ್ಲಿಷರಿಂದ ಕಲ್ತಿದ್ದಲ್ಲ, ಗುಡಗ ಅನ್ನೋ ಹಳೇ ಪದ ಸವೆದು ಸವೆದು ಅವರಲ್ಲಿ ಹಂಗಾಗಿತ್ತು, ಅಕ್ಕಪಕ್ಕದ ಭಾಷೇಲಿ ಗುಡಗ ಇದ್ದೇ ಇತ್ತು. ನಮ್ಮ ಬದ್ಮಾಶ್‌ನಲ್ಲಿರೋ ಪಾರ್ಸಿಯ ಬದ್ ಕೂಡ ಹಂಗೇ, ಇಂಗ್ಲಿಷಿನ ಬ್ಯಾಡ್ ಜೊತೆ ಸದ್ದೂ ಒಂದೇ, ಅರ್ಥಾನೂ ಒಂದೇ, ಸಂಬಂಧ ಸೊನ್ನೆ.

ಪ್ರಶ್ನೆ: ಸ್ಯಾಂಡಲ್ ಚಪ್ಪಲಿಗೂ ಸ್ಯಾಂಡಲ್‌ವುಡ್ಡಿಗೂ? (ಸಕಲೇಶಪುರ)

ಇಲ್ಲ. ಚಪ್ಪಲಿ ಗ್ರೀಕರದ್ದು, ಮರದ ಹೆಸರು ನಮ್ಮ ಚಂದನ ಗ್ರೀಕ್ ಲ್ಯಾಟಿನ್ ಸುತ್ತಿ ಸವೆದಿದ್ದು.

ಪ್ರಶ್ನೆ: ಬಾದಾಮಿ ಊರಿಗೆ ಆ ಹೆಸರು ಬಾದಾಮಿ ಬೀಜದಿಂದ ಬಂತಂತೆ, ಹೌದಾ? (ಬೇಲೂರು)

ಬೀಜದ ಹೆಸರು ಪಾರ್ಸಿ, ಊರಿನ ಹಳೇ ಹೆಸರು ವಾತಾಪಿ. ಬಂಡೆ ಬಾದಾಮಿ ಬಣ್ಣಕ್ಕಿದೆ ಅನ್ನೋದು ಗೈಡುಗಳು ಪ್ರವಾಸಿಗರಿಗೆ ಹೇಳೋ ಕಥೆ. ಅಂದಹಾಗೆ ನಿಮ್ಮ ಬೇಲೂರಿಗೂ ಬಂಗಾಳದ ಹೌರಾ ಹತ್ರದ ಬೇಲೂರು ಮಠಕ್ಕೂ ನಂಟಿಲ್ಲ, ನಿಮ್ಮದು ವೇಲಾಪುರಿ.

ಪ್ರಶ್ನೆ: ಟಿವಿಯ ಹಿಂದಿ ನ್ಯೂಸಲ್ಲಿ ಶಿಕ್ಷಾ ಮಂತ್ರಿ ಅಂತ ಬಂತು, ನಮ್ಮ ತಾಯಿ ಜೈಲು ಮಂತ್ರಿ ಅನ್ಕೊಂಡ್ರು. ಒಂದೇ ಪದಕ್ಕೆ ಇಷ್ಟು ಬೇರೆ ಅರ್ಥ ಹೆಂಗೆ? (ಶಿಕ್ಷಕಿ, ತರೀಕೆರೆ)

ನಿಮ್ಮ ತಾಯಿಯೋರು ಹಳೇ ಕಾಲದ ಸ್ಕೂಲಿಗೆ ಹೋದೋರಿರಬೇಕು, ಆಗ ಎರಡಕ್ಕೂ ಅಷ್ಟೇನೂ ಫರಕಿರಲಿಲ್ಲ. ಸಂಸ್ಕೃತದಲ್ಲಿ ಶಿಕ್ಷಾ ಅಂದ್ರೆ ಕಲಿಕೆ, ವೇದಾಂಗಗಳಲ್ಲಿ ಉಚ್ಚಾರಣೆ ಹೇಳಿಕೊಡೋದಕ್ಕೇ ಶಿಕ್ಷಾ ಅಂತ ಹೆಸರು. ಹಿಂದಿ ಅದನ್ನ ಹಂಗೇ ಇಟ್ಕೊಳ್ತು. ಕನ್ನಡದಲ್ಲಿ ಶಿಕ್ಷಕ, ಶಿಕ್ಷಣ ಕಲಿಕೆಯ ಕಡೆ ಉಳಿದ್ರೂ ಶಿಕ್ಷೆ ಮಾತ್ರ ಬುದ್ಧಿ ಕಲಿಸೋದು ಅನ್ನೋ ದಾರಿ ಹಿಡಿದು ಬೆತ್ತಕ್ಕೆ, ಆಮೇಲೆ ಕೋರ್ಟಿಗೆ ಹೋಯ್ತು. ಬುದ್ಧಿ ಕಲಿಸ್ತೀನಿ ಇರು ಅಂದ್ರೆ ಪಾಠ ಮಾಡ್ತೀನಿ ಅಂತ ಯಾರೂ ತಿಳ್ಕೊಳ್ಳಲ್ಲ ತಾನೇ?

ಹಿಂದಿ ಗೊತ್ತು ಅಂತ ಧೈರ್ಯ ಇರೋರು ಇಲ್ಲೇ ಬೀಳೋದು. ಹಿಂದಿಯ ಉಪನ್ಯಾಸ್ ಕಾದಂಬರಿ, ನಮ್ಮಲ್ಲಿ ಕಾಲೇಜಿನ ಭಾಷಣ, ತಮಿಳರಲ್ಲಿ ದೇವಸ್ಥಾನದ ಪ್ರವಚನ. ಅಲ್ಲಿ ಅವಕಾಶ್ ಅಂದ್ರೆ ರಜೆ, ಇಲ್ಲಿ ಚಾನ್ಸು. ಅಲ್ಲಿ ಪ್ರಪಂಚ್ ಅಂದ್ರೆ ತಂತ್ರ, ಮೋಸ, ಜಂಜಾಟ, ಇಲ್ಲಿ ಜಗತ್ತು. ಅಲ್ಲಿ ಚೇಷ್ಟಾ ಅಂದ್ರೆ ಪ್ರಯತ್ನ, ಇಲ್ಲಿ ಚೇಷ್ಟೆ ಮಾಡಿದ್ರೆ ನಿಮ್ಮ ಕ್ಲಾಸಿಂದ ಹೊರಗೆ. ಸಂಸಾರ್ ಅಲ್ಲಿ ಲೋಕ, ನಮ್ಮ ಕಡೆ ಸಂಸಾರ ಸಮೇತ ಬನ್ನಿ ಅಂದ್ರೆ ಹೆಂಡತಿ ಮಕ್ಕಳು. ಇವೆಲ್ಲ ಅಸಲಿ ನೆಂಟರೇ, ಒಂದೇ ಮನೇಲಿ ಹುಟ್ಟಿ ಬೇರೆ ಬೇರೆ ಊರು ಸೇರಿ ಬೇರೆ ಬೇರೆ ಕಸುಬು ಹಿಡಿದೋವು.

ಪ್ರಶ್ನೆ: ಟ್ರೈನಲ್ಲಿ ಸಿಕ್ಕ ಉತ್ತರದವರೊಬ್ಬರು, ಸ್ಟೇಷನ್ ಬೋರ್ಡಲ್ಲಿ ಇಂಗ್ಲಿಷಿನ ಹಾಸನ ಓದಿ, ಇದು ಹಸನ್ ಅನ್ನೋರು ಕಟ್ಟಿದ ಊರಾ ಅಂದ್ರು. ಏನು ಹೇಳಬೇಕಿತ್ತು? (ಹಾಸನ)

ಪಕ್ಕದಲ್ಲೇ ಕನ್ನಡ ಬೋರ್ಡ್ ಇತ್ತು ಅಂತ ಹೇಳಬೇಕಿತ್ತು. ಅರಬ್ಬಿಯ ಹಸನ್ ಅಂದ್ರೆ ಒಳ್ಳೆಯವನು, ಚೆಲುವ, ಅದರ ಮೊದಲಕ್ಷರ ಹ್ರಸ್ವ. ನಮ್ಮದು ಹಾ, ದೀರ್ಘ, ಕೊನೆಗೆ ನ ಪೂರ್ತಿ. ಇಂಗ್ಲಿಷಿಗೆ ಹ್ರಸ್ವ ದೀರ್ಘ ಬರೆಯೋಕೆ ಬರಲ್ಲ, ಅದರ ಮೇಲೆ ಯಾರೋ ಒಂದು ಎಸ್ ಜಾಸ್ತಿ ಹಾಕಿ ಕೂರಿಸಿದಾರೆ, ಅದರಿಂದ ಇಷ್ಟೆಲ್ಲ. ಊರಿನ ಹೆಸರನ್ನ ನಮ್ಮ ಜನ ಹಾಸನಾಂಬೆಗೆ ಸೇರಿಸ್ತಾರೆ, ದೀಪಾವಳಿ ಹೊತ್ತಲ್ಲಿ ಮಾತ್ರ ಬಾಗಿಲು ತೆಗೆಯೋ ಆ ಹುತ್ತದ ರೂಪದ ದೇವಿಗೆ. ಸ್ಥಳಪುರಾಣ ಹೇಳೋರು ಸಿಂಹಾಸನಪುರ ಅನ್ನೋದರಿಂದ ಸಿಂಹ ಬಿಟ್ಟುಹೋಯ್ತು ಅಂತಾರೆ. ಸಿಂಹಾಸನಪುರದ್ದು ನಂಗೆ ಆಮೇಲೆ ಹೊಲಿದು ಹಾಕಿದ ಹಂಗೆ ಕಾಣತ್ತೆ, ಶೃಂಗವೇರದ ಥರ. ಚಿಕ್ಕಮಗಳೂರಿನೋರಿಗೆ ಈ ತೊಂದರೆ ಇಲ್ಲ, ಚಿಕ್ಕಮಗಳ ಊರು ಅಂತ ಪದಾನೇ ಕಥೆ ಹೇಳತ್ತೆ, ಸಕ್ರೆಪಟ್ಟಣದ ಅರಸ ಕಿರಿಮಗಳಿಗೆ ಬಳುವಳಿ ಕೊಟ್ಟ ಅಂತ, ಪಕ್ಕದಲ್ಲೇ ಹಿರೇಮಗಳೂರೂ ಇದೆ. ಅವರ ಕಷ್ಟ ಬೇರೆ, ಹೊರಗಿನೋರು ಮಂಗಳೂರಿನ ತಮ್ಮನಾ ಅಂತ ಕೇಳ್ತಾರೆ.

ಪ್ರಶ್ನೆ: ಕೇರಳದಿಂದ ಬಂದ ಕೆಲಸದೋರ ಮುಂದೆ ಪಟ್ಟಿ ತಗೊಂಡು ಬಾ ಅಂದ್ರೆ ನಗ್ತಾರೆ, ಯಾಕೆ? (ಎಸ್ಟೇಟ್ ರೈಟರ್, ಕಳಸ)

ಮಲಯಾಳದಲ್ಲಿ ಪಟ್ಟಿ ಅಂದ್ರೆ ನಾಯಿ. ಲಿಸ್ಟ್ ಅನ್ನಿ ಸಾಕು.